ಹಂಗೇರಿಯನ್ ಮೈನರ್: ತಪ್ಪು ಬೆರಳಿನದ್ದೋ, ಕೆಳಗಿನ ಶ್ರುತಿಯದ್ದೋ?

ಪ್ರಶ್ನೆ: ನಾನು ಉಡುಪಿ ಕುಂಜಿಬೆಟ್ಟಿನವನು. ವಯಸ್ಸು 26, ಮಣಿಪಾಲದಲ್ಲಿ ಕೆಲಸ. ನಾಲ್ಕು ವರ್ಷದಿಂದ ಅಕೌಸ್ಟಿಕ್ ಗಿಟಾರ್ ನುಡಿಸುತ್ತಿದ್ದೇನೆ. ಮೈನರ್ ಪೆಂಟಟಾನಿಕ್, ಬ್ಲೂಸ್, ಹಾರ್ಮೋನಿಕ್ ಮೈನರ್ ಸ್ಕೇಲುಗಳು (ಸ್ವರಗಳ ಸಾಲುಗಳು) ಬರುತ್ತವೆ. ಎರಡು ತಿಂಗಳಿಂದ ವಿಡಿಯೋ ನೋಡಿ ಎ ಹಂಗೇರಿಯನ್ ಮೈನರ್ ಕಲಿಯುತ್ತಿದ್ದೇನೆ. ಒಂದೊಂದು ತಂತಿಗೆ ಮೂರು ಸ್ವರದ ಪ್ಯಾಟರ್ನ್. ಮೆಟ್ರೋನೋಮ್ ಹಾಕಿ ಸರಾಗವಾಗಿ ಹತ್ತಿ ಇಳಿಯುತ್ತೇನೆ. ಆದರೆ ಎ ಮೈನರ್ ಬ್ಯಾಕಿಂಗ್ ಟ್ರ್ಯಾಕ್ (ಹಿನ್ನೆಲೆಗೆ ಹಾಕುವ ರೆಕಾರ್ಡಿಂಗ್) ಮೇಲೆ ನುಡಿಸಿದರೆ ಅರ್ಧ ಅಪಸ್ವರ, ಇನ್ನರ್ಧ ಹಾವಾಡಿಗರ ಪುಂಗಿ. ಕಿರುಬೆರಳು, ಮಣಿಕಟ್ಟು ಬೇರೆ ನೋಯುತ್ತವೆ. ಶಾಸ್ತ್ರೀಯ ಸಂಗೀತ ಕಲಿತ ಅಕ್ಕ, “ಇದು ನಮ್ಮ ಸಿಂಹೇಂದ್ರಮಧ್ಯಮ, ಗಿಟಾರಿನಲ್ಲಿ ಬರುವುದಿಲ್ಲ, ಬಿಡು” ಎನ್ನುತ್ತಾಳೆ. ಗೆಳೆಯನೊಬ್ಬ ಫ್ರೆಟ್‌ಬೋರ್ಡ್ ಸ್ಕ್ಯಾಲಪ್ ಮಾಡಿಸು, ಅಂದರೆ ಮರ ಕೆತ್ತಿಸು ಅನ್ನುತ್ತಾನೆ. ಬಿಡಲೋ, ಮುಂದುವರಿಸಲೋ?

ಉತ್ತರ: ಬಿಡಬೇಡಿ. ಆದರೆ ಆ ಬ್ಯಾಕಿಂಗ್ ಟ್ರ್ಯಾಕನ್ನು ಇವತ್ತೇ ಬಿಡಿ.

ನಿಮ್ಮ ಚಿಂತೆಯಲ್ಲಿ ಮೂರು ಬೇರೆ ಬೇರೆ ವಿಷಯಗಳು ಕಲೆತುಹೋಗಿವೆ. ಒಂದು, ಕಿವಿಗೆ ಅಪಸ್ವರ ಕೇಳುವುದು. ಎರಡು, ಕೈ ನೋವು. ಮೂರು, ಇದು ನಮ್ಮದೋ ಅವರದ್ದೋ, ಗಿಟಾರಿಗೆ ಒಗ್ಗುತ್ತದೋ ಇಲ್ಲವೋ ಎನ್ನುವ ಅಕ್ಕನ ತಕರಾರು. ಮೊದಲನೆಯದು ಸರಿಯಾದರೆ ಉಳಿದವು ಅರ್ಧ ಹಗುರಾಗುತ್ತವೆ.

ನೀವು ನುಡಿಸುವ ಸ್ವರಗಳು ಇವು: ಎ, ಬಿ, ಸಿ, ಡಿ ಶಾರ್ಪ್, ಇ, ಎಫ್, ಜಿ ಶಾರ್ಪ್. ಹಾರ್ಮೋನಿಕ್ ಮೈನರ್ ನಿಮಗೆ ಬರುತ್ತದೆ ಎಂದಿರಿ. ಅದಕ್ಕೂ ಇದಕ್ಕೂ ಒಂದೇ ವ್ಯತ್ಯಾಸ. ಡಿ ಇದ್ದ ಜಾಗಕ್ಕೆ ಡಿ ಶಾರ್ಪ್ ಬಂದಿದೆ, ಅಷ್ಟೇ. ಆ ಡಿ ಶಾರ್ಪ್ ಕೂಡ ನಿಮಗೆ ಹೊಸದಲ್ಲ. ಎ ಬ್ಲೂಸ್ ಸ್ಕೇಲಿನ ಬ್ಲೂ ನೋಟ್ ಇದೇ ತಾನೇ? ‘ಎಕ್ಸಾಟಿಕ್’ ಎಂಬ ಹಣೆಪಟ್ಟಿ ನೋಡಿ ಇದೇನೋ ದೊಡ್ಡವರು ಮಾತ್ರ ಮುಟ್ಟುವ ವಸ್ತು ಎಂದುಕೊಳ್ಳುವವರು ತುಂಬಾ ಜನ. ಹಾಗೇನಿಲ್ಲ. ನಿಮಗೆ ಗೊತ್ತಿರುವ ಎರಡು ಸ್ಕೇಲುಗಳ ನಡುವೆ ಇದು ಕೂತಿದೆ.

ಹಾಗಾದರೆ ಅಪಸ್ವರ ಎಲ್ಲಿಂದ ಬಂತು? ಸಾಮಾನ್ಯವಾಗಿ ಸಿಗುವ ಎ ಮೈನರ್ ಟ್ರ್ಯಾಕುಗಳಲ್ಲಿ ಡಿ ಮೈನರ್ ಮತ್ತು ಜಿ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಇದ್ದೇ ಇರುತ್ತವೆ. ಡಿ ಮೈನರಿನಲ್ಲಿ ಸಾದಾ ಡಿ ಇದೆ, ಜಿ ಮೇಜರಿನಲ್ಲಿ ಸಾದಾ ಜಿ ಮತ್ತು ಡಿ ಎರಡೂ ಇವೆ. ನೀವು ಮೇಲೆ ಡಿ ಶಾರ್ಪ್, ಜಿ ಶಾರ್ಪ್ ಹಿಡಿಯುತ್ತೀರಿ. ಅರ್ಧ ಸ್ವರದ ಅಂತರದಲ್ಲಿ ಎರಡೂ ಡಿಕ್ಕಿ ಹೊಡೆಯುತ್ತವೆ. ಟ್ರ್ಯಾಕ್ ಎ ಮೈನರ್ ಅಥವಾ ಎಫ್ ಕಾರ್ಡಿಗೆ ಬಂದಾಗ ಚೆನ್ನಾಗಿ ಕೇಳುತ್ತದೆ, ಜಿಗೆ ಹೋದ ಕೂಡಲೇ ಕೆಡುತ್ತದೆ. ನೀವು ಹೇಳಿದ ‘ಅರ್ಧ ಅಪಸ್ವರ’ ಇದೇ. ಬೆರಳಿನ ತಪ್ಪು ಏನೂ ಇಲ್ಲ ಮಾರಾಯ್ರೆ, ಕೆಳಗಿರುವ ನೆಲವೇ ಬೇರೆ.

ಮಂಗಳೂರಿನಲ್ಲಿ ನನ್ನ ಬಳಿ ಗಿಟಾರ್ ಕಲಿಯಲು ಬರುವ ಮಕ್ಕಳಲ್ಲಿ ಎರಡು ಬಗೆ. ಚರ್ಚಿನ ಕ್ವಾಯರಿನಲ್ಲಿ ನುಡಿಸಿ ಬಂದವರಿಗೆ ಕಾರ್ಡ್ ರಕ್ತದಲ್ಲೇ ಇರುತ್ತದೆ. ಕೆಳಗಿನ ಕಾರ್ಡ್ ಬದಲಾದದ್ದು ಅವರಿಗೆ ಥಟ್ಟನೆ ಗೊತ್ತಾಗುತ್ತದೆ, ಆದರೆ ಒಂದೇ ಸ್ವರದ ಮೇಲೆ ನಿಲ್ಲಿ ಎಂದರೆ ಚಡಪಡಿಸುತ್ತಾರೆ. ಮನೆಯಲ್ಲಿ ಶಾಸ್ತ್ರೀಯ ಸಂಗೀತ ಕೇಳಿ ಬೆಳೆದವರಿಗೆ ಷಡ್ಜದ ಮೇಲೆ ನಿಲ್ಲುವುದು ಗೊತ್ತು, ಕಾರ್ಡ್ ಎಂದರೆ ಗೊಂದಲ. ಈ ಸ್ಕೇಲಿಗೆ ಎರಡೂ ಬೇಕು. ಆದರೆ ಶುರು ಮಾಡುವಾಗ ಎರಡನೆಯವರ ದಾರಿ ಸುಲಭ. ಹಾಗಾಗಿ ನಿಮ್ಮ ಅಕ್ಕನನ್ನು ಎದುರುಪಕ್ಷ ಮಾಡಿಕೊಳ್ಳಬೇಡಿ. ಅವರೇ ನಿಮಗೆ ಸಿಗಬಹುದಾದ ಅತ್ಯುತ್ತಮ ಸಹಾಯ.

ಅಕ್ಕ ಹೇಳಿದ್ದರಲ್ಲಿ ಅರ್ಧ ಭಾಗ ಪೂರ್ತಿ ನಿಜ. ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಪ್ರತಿಮಧ್ಯಮ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ: ಇದು 57ನೇ ಮೇಳಕರ್ತ (ಮೂಲ ರಾಗ) ಸಿಂಹೇಂದ್ರಮಧ್ಯಮ. ಹಂಗೇರಿಯನ್ ಮೈನರಿನ ಸ್ವರಸ್ಥಾನಗಳೂ ಇವೇ. ಹಾರ್ಮೋನಿಕ್ ಮೈನರ್ ನಮ್ಮಲ್ಲಿ 21ನೇ ಮೇಳ ಕೀರವಾಣಿ. ಅದರ ಶುದ್ಧಮಧ್ಯಮ ತೆಗೆದು ಪ್ರತಿಮಧ್ಯಮ ಇಟ್ಟರೆ 36 ಮೇಳ ದಾಟಿ 57ಕ್ಕೆ ಬರುತ್ತೀರಿ.

ಈಗ ಒಂದು ಪ್ರಯೋಗ ಹೇಳುತ್ತೇನೆ. ಇದನ್ನು ಅಕ್ಕನ ಜೊತೆ ಕೂತು ಮಾಡಿ. ಅವರು ಎಲ್ಲರ ಹಾಗೆ ಸರಳೆ ವರಸೆಯನ್ನು ಮಾಯಾಮಾಳವಗೌಳದಲ್ಲೇ ಕಲಿತಿರುತ್ತಾರೆ. ಪುರಂದರದಾಸರು ಹಾಕಿಕೊಟ್ಟ ಕ್ರಮ ಎಂದು ಪರಂಪರೆ ಹೇಳುತ್ತದೆ. ತಂಬೂರಿ ಆ್ಯಪ್ ತೆರೆದು ಷಡ್ಜವನ್ನು ‘ಇ’ಗೆ ಇಡಿ, ಅಂದರೆ ಮೂರು ಕಟ್ಟೆ. ಗಿಟಾರಿನಲ್ಲಿ ಇ, ಎಫ್, ಜಿ ಶಾರ್ಪ್, ಎ, ಬಿ, ಸಿ, ಡಿ ಶಾರ್ಪ್ ನುಡಿಸಿ. ಅಕ್ಕ ತಕ್ಷಣ ಸರಿಗಮ ಹೇಳಲು ಶುರು ಮಾಡುತ್ತಾರೆ. ಅದು ಅಚ್ಚ ಮಾಯಾಮಾಳವಗೌಳ. ಈಗ ನೀವು ಬೆರಳು ಕದಲಿಸದೆ, ತಂಬೂರಿಯನ್ನು ಮಾತ್ರ ‘ಎ’ಗೆ, ಆರು ಕಟ್ಟೆಗೆ ಬದಲಿಸಿ. ಅದೇ ಏಳು ಸ್ವರ. ಈ ಸಲ ಎ ಮೇಲೆ ಬಂದು ನಿಲ್ಲಿ. ಸಿಂಹೇಂದ್ರಮಧ್ಯಮದ ಛಾಯೆ ಬಂದುಬಿಡುತ್ತದೆ. ಮಾಯಾಮಾಳವಗೌಳದ ಮಧ್ಯಮವನ್ನು ಷಡ್ಜ ಮಾಡಿಕೊಂಡರೆ ಸಿಗುವುದು ಇದೇ ಮೇಳ. ಗ್ರಹಭೇದ ಎನ್ನುತ್ತಾರೆ, ಅಕ್ಕನಿಗೆ ಗೊತ್ತಿರುತ್ತದೆ.

ಈ ಪ್ರಯೋಗವನ್ನು ಒಂದೇ ಸಲ ಮಾಡಿ ಬಿಡಬೇಡಿ. ಒಂದು ವಾರ, ದಿನಾ ಐದು ನಿಮಿಷ, ಇ ಶ್ರುತಿಯಿಂದ ಎ ಶ್ರುತಿಗೆ, ಮತ್ತೆ ಇಗೆ ಹೋಗಿ ಬನ್ನಿ. ಯಾವ ಸ್ವರ ಎಲ್ಲಿ ಒರಗಿ ನಿಲ್ಲುತ್ತದೆ ಅನ್ನುವುದು ಕೆಳಗಿನ ಶ್ರುತಿಯಿಂದ ಬರುತ್ತದೆ, ಬೆರಳಿನ ಪ್ಯಾಟರ್ನಿನಿಂದ ಅಲ್ಲ ಅನ್ನುವುದು ಓದಿದರೆ ತಲೆಗೆ ಹೋಗುತ್ತದೆ, ಕೇಳಿದರೆ ಕೈಗೆ ಇಳಿಯುತ್ತದೆ. ವಿಡಿಯೋಗಳಲ್ಲಿ ಈ ಭಾಗ ಸಿಗುವುದು ಅಪರೂಪ. ಪ್ಯಾಟರ್ನ್ ತೋರಿಸುವುದು ಸುಲಭ, ಅಲ್ವಾ.

ಇನ್ನು ಪುಂಗಿಯ ವಿಷಯ. ಈ ಸ್ಕೇಲಿನಲ್ಲಿ ಎರಡು ಕಡೆ ಮೂರು ಫ್ರೆಟ್‌ಗಳ ಜಿಗಿತ ಇದೆ: ಸಿಯಿಂದ ಡಿ ಶಾರ್ಪ್, ಎಫ್‌ನಿಂದ ಜಿ ಶಾರ್ಪ್. ಕಲಿಯುವವರು ಹತ್ತುವಾಗಲೂ ಇಳಿಯುವಾಗಲೂ ಪ್ರತಿ ಸಲ ಎರಡೂ ಜಿಗಿತ ಹೊಡೆಯುತ್ತಾರೆ. ಸಿನಿಮಾದಲ್ಲಿ ಮರುಭೂಮಿ ತೋರಿಸುವಾಗ ಹಾಕುವ ಸಂಗೀತದ ಹಾಗೆ ಕೇಳುವುದು ಅದಕ್ಕೇ. ಸ್ಕೇಲನ್ನು ಏಳು ಮೆಟ್ಟಿಲು ಎಂದು ನೋಡುವುದು ಬಿಡಿ. ಎರಡು ಗುಂಪು ಎಂದು ನೋಡಿ. ಒಂದು ಗುಂಪು ಜಿ ಶಾರ್ಪ್, ಎ, ಬಿ, ಸಿ. ಇದರ ಯಜಮಾನ ಎ. ಇನ್ನೊಂದು ಡಿ ಶಾರ್ಪ್, ಇ, ಎಫ್. ಇದರ ಯಜಮಾನ ಇ. ಡಿ ಶಾರ್ಪ್ ಕೆಳಗಿನಿಂದ, ಎಫ್ ಮೇಲಿನಿಂದ ಇ ಕಡೆಗೇ ವಾಲುತ್ತವೆ. ಜಿ ಶಾರ್ಪ್ ಎ ಕಡೆಗೆ ವಾಲುತ್ತದೆ. ಒಂದು ಗುಂಪಿನೊಳಗೇ ಸುತ್ತಾಡಿ ಎರಡು ಮೂರು ಸಾಲು ಕಟ್ಟಿ. ಇ, ಡಿ ಶಾರ್ಪ್, ಇ, ಎಫ್, ಇ. ನಿಲ್ಲಿ. ಉಸಿರು ತೆಗೆದುಕೊಳ್ಳಿ. ಆಮೇಲೆ ಒಮ್ಮೆ ಮಾತ್ರ ಜಿಗಿದು ಇನ್ನೊಂದು ಗುಂಪಿಗೆ ಹೋಗಿ, ಎಗೆ ಬಂದು ಸೇರಿ. ಒಂದು ಸಾಲಿಗೆ ಒಂದೇ ಜಿಗಿತ ಎಂದು ನಿಯಮ ಹಾಕಿಕೊಂಡರೆ ಪುಂಗಿ ತಾನಾಗಿ ನಿಲ್ಲುತ್ತದೆ.

ಖುಷಿಯ ಸಂಗತಿ ಏನೆಂದರೆ ಈ ಗುಂಪುಗಳೇ ಕೈ ನೋವಿಗೂ ಪರಿಹಾರ. ನಿಮ್ಮ ಮೂರು ಸ್ವರದ ಪ್ಯಾಟರ್ನ್ ದಪ್ಪಗಿನ ಮೂರು ತಂತಿಗಳಲ್ಲಿ (6, 5, 4) ಸಲೀಸು. ಮೂರನೇ ತಂತಿಗೆ ಬಂದಾಗ 5, 8, 9ನೇ ಫ್ರೆಟ್ ಹಿಡಿಯಬೇಕಾಗುತ್ತದೆ. ಎರಡನೇ ತಂತಿಯಲ್ಲಿ 6, 9, 10. ಒಂದನೆಯದರಲ್ಲಿ 7, 8, 11. ನೋವು ಇಲ್ಲೇ ಶುರುವಾಗುತ್ತದೆ ಎಂದು ನನ್ನ ಊಹೆ. ಸಾಮಾನ್ಯ ಅಳತೆಯ ಗಿಟಾರಿನಲ್ಲಿ 5ನೇ ಫ್ರೆಟ್ ತಂತಿಯಿಂದ 9ರವರೆಗೆ ಸುಮಾರು 10 ಸೆಂಟಿಮೀಟರ್. ಸ್ವರಗಳ ಜಿಗಿತ ಒಂದೇ ತಂತಿಯ ಮೇಲೆ ಬಿದ್ದದ್ದರಿಂದ ಈ ಎಳೆತ.

ಬದಲಿಗೆ ಹೀಗೆ ಮಾಡಿ. ಆರನೇ ತಂತಿಯಲ್ಲಿ 4, 5, 7, 8. ಐದನೆಯದರಲ್ಲಿ 6, 7, 8. ಇಷ್ಟಕ್ಕೆ ಒಂದು ಸ್ಥಾಯಿ ಮುಗಿಯಿತು. ನಾಲ್ಕನೇ ತಂತಿಯಲ್ಲಿ 6, 7, 9, 10, ಮೂರನೆಯದರಲ್ಲಿ 8, 9, 10. ಎರಡನೆಯದರಲ್ಲಿ 9, 10, 12, 13, ಒಂದನೆಯದರಲ್ಲಿ 11, 12, 13. ದಪ್ಪ ತಂತಿಯಿಂದ ಸಣ್ಣ ತಂತಿಗೆ ಬರುವಾಗ ನಾಲ್ಕು ಸ್ವರ, ಮೂರು ಸ್ವರ, ಅದೇ ಆಕಾರ ಮೂರು ಸಲ. ಎರಡೂ ಜಿಗಿತಗಳು ತಂತಿ ಬದಲಾಗುವ ಜಾಗದಲ್ಲಿ ಬರುತ್ತವೆ, ಬೆರಳು ಚಾಚುವ ಕೆಲಸವೇ ಇಲ್ಲ. ನಾಲ್ಕು ಸ್ವರ ಇರುವಲ್ಲಿ ತೋರುಬೆರಳಿನಿಂದ ಜಿ ಶಾರ್ಪ್ ಹಿಡಿದು ಅದೇ ಬೆರಳನ್ನು ಎಗೆ ಜಾರಿಸಿ, ಮುಂದೆ ಉಂಗುರಬೆರಳು, ಕಿರುಬೆರಳು. ಆ ಜಾರುವಿಕೆ ಕೇಳಲಿಕ್ಕೂ ಚಂದ. ಒಂದು ಎಚ್ಚರ: ಗಿಟಾರಿನ ಖಾಲಿ ಡಿ ಮತ್ತು ಜಿ ತಂತಿಗಳು ಈ ಸ್ಕೇಲಿನಲ್ಲಿ ಇಲ್ಲ. ಅಕೌಸ್ಟಿಕ್‌ನಲ್ಲಿ ಅವು ತಾವಾಗಿಯೇ ಗುಂಯ್‌ಗುಡುತ್ತವೆ. ಬಲಗೈಯ ಅಂಗೈ ಅಂಚಿನಿಂದ ಮ್ಯೂಟ್ ಮಾಡುವುದನ್ನು ಈಗಲೇ ರೂಢಿ ಮಾಡಿಕೊಳ್ಳಿ.

ನೋವಿನ ಬಗ್ಗೆ ಇನ್ನೆರಡು ಮಾತು. ಹೆಬ್ಬೆರಳಿನ ಬುಡದಲ್ಲಿ ದಣಿವು, ಬೆರಳ ತುದಿಯ ಉರಿ ಮಾಮೂಲು. ಮಣಿಕಟ್ಟಿನ ನೋವು ಮಾಮೂಲಲ್ಲ. ಹೊಸ ಪ್ಯಾಟರ್ನಿಗೆ ಬಂದ ಮೇಲೂ ನೋಯುತ್ತಿದ್ದರೆ, ಅಥವಾ ಕಿರುಬೆರಳು ಜೋಮು ಹಿಡಿಯುತ್ತಿದ್ದರೆ, ಗಿಟಾರ್ ಪಕ್ಕಕ್ಕಿಟ್ಟು ಡಾಕ್ಟರಿಗೆ ತೋರಿಸಿ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸವಾದರೆ ನೋವಿನ ಮೂಲ ಅಲ್ಲಿಯೂ ಇರಬಹುದು. ನೋವು ತಡೆದುಕೊಂಡು ನುಡಿಸಿದರೆ ಬೆರಳು ಪಳಗುತ್ತದೆ ಎನ್ನುವವರ ಮಾತು ಕೇಳಬೇಡಿ.

ಗಿಟಾರನ್ನೂ ಒಮ್ಮೆ ನೋಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮರ ತೇವ ಹೀರುತ್ತದೆ, ಮೇಲಿನ ಹಲಗೆ ಉಬ್ಬುತ್ತದೆ, ತಂತಿ ಫ್ರೆಟ್‌ಬೋರ್ಡಿನಿಂದ ಮೇಲೇಳುತ್ತದೆ. ಎತ್ತರದ ತಂತಿಯನ್ನು ಒತ್ತಿದಾಗ ಸ್ವರ ತುಸು ಏರುತ್ತದೆ, ಬೆರಳಿಗೂ ಶ್ರಮ ಜಾಸ್ತಿ. ಡಿ ಶಾರ್ಪ್, ಇ, ಎಫ್ ಹೀಗೆ ಒತ್ತೊತ್ತಾಗಿ ಬರುವ ಸ್ಕೇಲಿನಲ್ಲಿ ಆ ತುಸುವೇ ಕಿವಿಗೆ ಚುಚ್ಚುತ್ತದೆ. 12ನೇ ಫ್ರೆಟ್ಟಿನ ಮೇಲೆ ತಂತಿಯನ್ನು ಬರೀ ತಾಗಿಸಿ ಬರುವ ಹಾರ್ಮೋನಿಕ್ ಕೇಳಿ, ಆಮೇಲೆ ಅಲ್ಲೇ ಒತ್ತಿ ನುಡಿಸಿ. ಎರಡೂ ಟ್ಯೂನರಿನಲ್ಲಿ ಒಂದೇ ಕಡೆ ನಿಲ್ಲದಿದ್ದರೆ ತಂತಿ ಬದಲಿಸುವ ಹೊತ್ತಾಗಿದೆ, ಇಲ್ಲವೇ ಸೆಟಪ್ (ತಂತಿಯ ಎತ್ತರ ಸರಿಪಡಿಸುವುದು) ಬೇಕಾಗಿದೆ. ತುಕ್ಕು ಹಿಡಿದ ತಂತಿಯಲ್ಲಿ ಯಾವ ಸ್ಕೇಲೂ ಸರಿ ಕೇಳುವುದಿಲ್ಲ.

ಹೆಸರಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ‘ಹಂಗೇರಿಯನ್’ ಎಂದ ಮಾತ್ರಕ್ಕೆ ಹಂಗೇರಿಯ ಹಳ್ಳಿಯ ಹಾಡುಗಳೆಲ್ಲ ಇದರಲ್ಲಿವೆ ಎಂದಲ್ಲ. 20ನೇ ಶತಮಾನದ ಆರಂಭದಲ್ಲಿ ಅಲ್ಲಿನ ಸಂಗೀತ ರಚನಕಾರರಾದ ಬೇಲಾ ಬಾರ್ಟೋಕ್ ಮತ್ತು ಝೋಲ್ಟಾನ್ ಕೊಡಾಯಿ ಹಳ್ಳಿ ತಿರುಗಿ ಹಾಡು ಸಂಗ್ರಹಿಸಿದಾಗ ಅಲ್ಲಿನ ಹಳೆಯ ಪದರದಲ್ಲಿ ಕಂಡದ್ದು ಹೆಚ್ಚಾಗಿ ಐದು ಸ್ವರದ ಪೆಂಟಟಾನಿಕ್. ಈ ಏಳು ಸ್ವರದ ಸ್ಕೇಲಿಗೆ ಆ ಹೆಸರು ಅಂಟಿದ್ದು ಪೇಟೆಯ ರೋಮಾ ಸಮುದಾಯದ ವಾದ್ಯಗಾರರ ಶೈಲಿಯಿಂದ, ಅದನ್ನು ಬಳಸಿಕೊಂಡ ಲಿಸ್ಟ್‌ನಂಥ ಸಂಗೀತಗಾರರಿಂದ. ‘ಜಿಪ್ಸಿ’ ಎಂಬ ಹೆಸರಿನಲ್ಲೂ ಇದು ಓಡಾಡುತ್ತದೆ. ಅದೇ ಹೆಸರಿನಲ್ಲಿ ಕೆಲವರು ಜಿ ಶಾರ್ಪ್ ಬದಲು ಸಾದಾ ಜಿ ಇರುವ ಸ್ಕೇಲನ್ನೂ ಕಲಿಸುತ್ತಾರೆ. ಅದು ನಮ್ಮ ಷಣ್ಮುಖಪ್ರಿಯ, 56ನೇ ಮೇಳ. ಹಾಗಾಗಿ ಹೆಸರು ನಂಬಬೇಡಿ, ಸ್ವರ ಎಣಿಸಿ.

ಈಗ ದಾರಿಗಳು. ನಿಮ್ಮ ಮುಂದೆ ಮೂರಿವೆ.

ನಾನು ಮೊದಲು ಹೇಳುವುದು ತೀರ ಸಣ್ಣದನ್ನು. ನಿಮಗೆ ಈಗಾಗಲೇ ಬರುವ ಎ ಮೈನರ್ ಹಾಡುಗಳಲ್ಲಿ ಇದನ್ನು ಒಗ್ಗರಣೆಯ ಹಾಗೆ ಬಳಸಿ. ಸಾಲು ಇ ಮೇಲೆ ನಿಲ್ಲುವಲ್ಲಿ ಮಾತ್ರ ಎಫ್, ಡಿ ಶಾರ್ಪ್, ಇ ಎಂದು ಸುತ್ತಿ ಬನ್ನಿ. ಇದರಲ್ಲಿ ಕೆಡುವುದು ಏನೂ ಇಲ್ಲ. ಒಂದೇ ಅಪಾಯ, ರುಚಿ ಹತ್ತಿ ಎಲ್ಲ ಹಾಡಿಗೂ ಹಾಕತೊಡಗುತ್ತೀರಿ.

ಎರಡನೆಯದು ಕಾರ್ಡುಗಳ ದಾರಿ. ಇಡೀ ಸ್ಕೇಲನ್ನು ಹೊರುವ ಕಾರ್ಡುಗಳನ್ನೇ ಆರಿಸಿಕೊಳ್ಳಿ: ಎ ಮೈನರ್, ಎಫ್ ಸೆವೆನ್ತ್, ಇ ಮೇಜರ್, ಮತ್ತೆ ಎ ಮೈನರ್. ಎಫ್ ಸೆವೆನ್ತ್ ಯಾಕೆಂದರೆ ಅದರೊಳಗಿನ ಇ ಫ್ಲಾಟ್ ಗಿಟಾರಿನಲ್ಲಿ ಡಿ ಶಾರ್ಪ್ ಇರುವ ಅದೇ ಫ್ರೆಟ್. ಅದು ಇ ಮೇಜರಿಗೆ ಇಳಿಯುವಾಗ ಆ ಸ್ವರ ಇ ಕಡೆಗೆ ಏರುವುದನ್ನು ಕೇಳಿ, ಸ್ಕೇಲಿನ ಜೀವ ಅಲ್ಲೇ ಇದೆ. ಅಭ್ಯಾಸದಿಂದ ಕೈ ಇ ಸೆವೆನ್ತ್ ಹಿಡಿಯಲು ಹೋಗುತ್ತದೆ. ಬೇಡ, ಅದರಲ್ಲಿ ಸಾದಾ ಡಿ ಇದೆ. ಈ ನಾಲ್ಕನ್ನು ಫೋನಿನಲ್ಲಿ ನೀವೇ ರೆಕಾರ್ಡ್ ಮಾಡಿಕೊಂಡು ನಿಧಾನವಾಗಿ ಮೇಲೆ ನುಡಿಸಿ. ಯಾವ ಟ್ರ್ಯಾಕನ್ನೂ ಹುಡುಕಬೇಕಾಗಿಲ್ಲ. ಈ ದಾರಿಯ ತೊಂದರೆ ಎಂದರೆ ಮೂರು ಕಾರ್ಡುಗಳಲ್ಲೇ ಸುತ್ತುತ್ತಿರುತ್ತೀರಿ, ಸ್ವಲ್ಪ ದಿನಕ್ಕೆ ಬೇಜಾರು ಬರುತ್ತದೆ. ಆಗ ತಾಳ ಬದಲಿಸಿ. ಇದೇ ಕಾರ್ಡುಗಳನ್ನು ಏಳು ಎಣಿಕೆಗೆ ಹಾಕಿ ನೋಡಿ.

ಮೂರನೆಯದು ರಾಗದ ದಾರಿ. ಅಕ್ಕ ಹೇಳಿದ ಇನ್ನರ್ಧ ಇಲ್ಲಿದೆ. ಫ್ರೆಟ್ ಇದ್ದ ಮಾತ್ರಕ್ಕೆ ರಾಗ ಬರುವುದಿಲ್ಲ ಎನ್ನುವುದು ಸರಿಯಲ್ಲ. ವೀಣೆಯಲ್ಲೂ 24 ಮೆಟ್ಟಿಲುಗಳಿವೆ. ಅಲ್ಲಿ ತಂತಿ ಎಳೆದೇ ಗಮಕ ತೆಗೆಯುವುದು. ಮ್ಯಾಂಡೋಲಿನ್ ಶ್ರೀನಿವಾಸ್ ಫ್ರೆಟ್ ಇರುವ ವಾದ್ಯದಲ್ಲೇ ಕರ್ನಾಟಕ ಸಂಗೀತ ನುಡಿಸಿದರು. ಆರ್. ಪ್ರಸನ್ನ ಗಿಟಾರಿನಲ್ಲೇ ನುಡಿಸುತ್ತಾರೆ. ಆದರೆ ಸ್ವರಸ್ಥಾನ ಒಂದೇ ಆದರೆ ರಾಗವಾಗಿಬಿಡುತ್ತದೆ ಎನ್ನುವುದೂ ತಪ್ಪು. ಯಾವ ಸ್ವರ ಅಲುಗಬೇಕು, ಯಾವುದು ನೆಟ್ಟಗೆ ನಿಲ್ಲಬೇಕು, ಯಾವ ಸಂಚಾರ ಒಪ್ಪುತ್ತದೆ ಎನ್ನುವುದು ಕೇಳಿಯೇ ಬರಬೇಕು. ಮೈಸೂರು ವಾಸುದೇವಾಚಾರ್ಯರ ‘ನಿನ್ನೇ ನಮ್ಮಿತಿನಯ್ಯ’ ಸಿಂಹೇಂದ್ರಮಧ್ಯಮದ ಪ್ರಸಿದ್ಧ ಕೃತಿ. ಅದನ್ನು ಗಿಟಾರ್ ಮುಟ್ಟದೆ ತುಂಬಾ ಸಲ ಕೇಳಿ. ಅಕ್ಕ ಒಂದು ಸಾಲು ಹಾಡಲಿ, ನೀವು ಬಾಯಲ್ಲಿ ಹಾಡಿ, ಆಮೇಲೆ ತಂತಿಯ ಮೇಲೆ ಹುಡುಕಿ. ಮೂರನೇ ತಂತಿಯ 8ನೇ ಫ್ರೆಟ್ಟಿನಿಂದ ಅರ್ಧ ಸ್ವರ ಎಳೆದು ಇ ಮುಟ್ಟುವುದು, ಜಿ ಶಾರ್ಪ್‌ನಿಂದ ಎಗೆ ಜಾರುವುದು, ಇಷ್ಟರಿಂದ ಶುರು ಮಾಡಿ.

ಈ ದಾರಿಯ ಬೆಲೆ ಹೆಚ್ಚು. ಗುರುಗಳು ಬೇಕು, ವರ್ಷಗಟ್ಟಲೆ ಸಮಯ ಬೇಕು. ಹೆಚ್ಚಿನವರು ನಿಮ್ಮನ್ನು ಮತ್ತೆ ಸರಳೆ ವರಸೆಗೆ ಕೂರಿಸುತ್ತಾರೆ, ಅದು ಸರಿಯೂ ಹೌದು. ಕಾರ್ಡ್ ಬದಿಗಿಡಬೇಕಾಗುತ್ತದೆ. ರಾಗದ ಮೇಲೆ ನಿಜವಾದ ಆಸೆ ಹುಟ್ಟಿದರೆ ಹೋಗಿ. ಅಕ್ಕನಿಗೆ ಉತ್ತರ ಕೊಡಬೇಕು ಎಂಬ ಹಟಕ್ಕೆ ಹೋಗಬೇಡಿ. ನಿಮ್ಮ ಪತ್ರ ಓದಿದರೆ ನೀವು ಸದ್ಯ ಮೊದಲ ಎರಡು ದಾರಿಗೆ ಹೊಂದುವವರು ಎನಿಸುತ್ತದೆ. ಅದಕ್ಕೆ ಬೇರೆ ಮೇಷ್ಟ್ರೂ ಬೇಕಾಗಿಲ್ಲ. ಹದಿನೈದು ದಿನಕ್ಕೊಮ್ಮೆ ರೆಕಾರ್ಡ್ ಮಾಡಿ ಅಕ್ಕನಿಗೆ ಕೇಳಿಸಿ, ಎಲ್ಲಿ ಶ್ರುತಿ ತಪ್ಪಿತು ಎಂದಷ್ಟೇ ಕೇಳಿ.

ಕೊನೆಗೆ ಗೆಳೆಯನ ಸ್ಕ್ಯಾಲಪ್ ಸಲಹೆ. ಫ್ರೆಟ್‌ಗಳ ನಡುವಿನ ಮರವನ್ನು ಬಟ್ಟಲಿನಂತೆ ಕೆತ್ತುವುದು. ತಂತಿ ಎಳೆಯಲು, ಒತ್ತಿ ಅಲುಗಿಸಲು ಅನುಕೂಲ. 1970ರ ದಶಕದಲ್ಲಿ ಬ್ರಿಟಿಷ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ‘ಶಕ್ತಿ’ ತಂಡದಲ್ಲಿ ಇಂಥ ಗಿಟಾರ್ ನುಡಿಸುತ್ತಿದ್ದರು. ಆದರೆ ಗಟ್ಟಿಯಾಗಿ ಒತ್ತುವ ಕೈಯಲ್ಲಿ ಎಲ್ಲ ಸ್ವರವೂ ಏರುತ್ತದೆ, ಕಾರ್ಡುಗಳೂ ಕೆಡುತ್ತವೆ. ಕೆತ್ತಿದ ಮರ ಮತ್ತೆ ತುಂಬುವುದಿಲ್ಲ. ಇರುವ ಒಂದೇ ಗಿಟಾರಿಗೆ ಈ ಕೆಲಸ ಖಂಡಿತ ಬೇಡ. ಎಳೆಯಲು ಕಷ್ಟವಾದರೆ ಈಗಿನದಕ್ಕಿಂತ ಒಂದು ಹಂತ ತೆಳ್ಳಗಿನ ತಂತಿಯ ಸೆಟ್ ಹಾಕಿ ನೋಡಿ. ಸೆಟಪ್ ಮಾಡಿಸುವುದಿದ್ದರೆ ಮಳೆ ಪೂರ್ತಿ ನಿಂತು, ಮರ ಒಣಗಿದ ಮೇಲೆ ಮಾಡಿಸಿ. ಜುಲೈಯಲ್ಲಿ ಸರಿ ಮಾಡಿಸಿದ ಎತ್ತರ ಜನವರಿಯಲ್ಲಿ ಹಾಗೇ ಇರುವುದಿಲ್ಲ, ತಂತಿ ಫ್ರೆಟ್ಟಿಗೆ ತಾಗಿ ಕಿರಿಕಿರಿ ಶುರುವಾಗುತ್ತದೆ.